ಜೋಡಿಯಿಲ್ಲದ ಚುಕ್ಕೆ

ಬೆಂಗಳೂರು: ಕತ್ತರಿ ಹೋಯಿತು

ನಾನು ಆಸ್ಟ್ರೇಲಿಯಾಕ್ಕೆ ಹೋದದ್ದು ಒಂದೇ ಸಲ, ಎರಡು ಸಾವಿರದ ಏಳರಲ್ಲಿ. ಹೋಗಿ ಬಂದವರೆಲ್ಲ ಏನಾದರೊಂದು ಬರೆಯುತ್ತಾರೆ, ನೀವು ಯಾಕೆ ಬರೆಯಲಿಲ್ಲ ಎಂದು ಕೇಳಿದವರಿಗೆ ‘ಪುರುಸೊತ್ತಿಲ್ಲ’ ಎನ್ನುತ್ತಿದ್ದೆ. ಅದು ಸುಳ್ಳು. ಈಗ ಫೋನಿನಲ್ಲಿ ಕನ್ನಡ ಒತ್ತಲು ಕಲಿತಿದ್ದೇನೆ, ಒಂದೇ ಬೆರಳಿನಲ್ಲಿ. ಒತ್ತಕ್ಷರ ಬಂದಾಗ ಸೂಜಿಗೆ ನೂಲು ಪೋಣಿಸುವವಳ ಹಾಗೆ ಉಸಿರು ಬಿಗಿಹಿಡಿಯುತ್ತೇನೆ. ಇಷ್ಟು ಕಷ್ಟಪಟ್ಟು ಒತ್ತುವಾಗ ಸುಳ್ಳು ಬರೆದರೆ ಬೆರಳಿಗೆ ನಷ್ಟ.

ಉಡುಪಿಯಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಮೆಷಿನ್ ಇಟ್ಟುಕೊಂಡು ನಲವತ್ತು ವರ್ಷ ರವಿಕೆ ಹೊಲಿದವಳು ನಾನು. ನನ್ನ ಕತ್ತರಿಯನ್ನು ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ಮೆಲ್ಬೋರ್ನಿನಲ್ಲಿ ಓದುತ್ತಿದ್ದ ಮೊಮ್ಮಗಳು ಶಮಿತಾ, ಅಂದರೆ ನನ್ನ ಮಗಳ ಮಗಳು, ಫೋನಿನಲ್ಲಿ ನೂರು ಸಲ ಹೇಳಿದ್ದಳು: “ಅಜ್ಜಿ, ಕತ್ತರಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಕೈಚೀಲದಲ್ಲಿ ಹಾಕ್ಬೇಡಿ.” ದೊಡ್ಡ ಪೆಟ್ಟಿಗೆಯನ್ನು ಯಾರೋ ಎಸೆಯುತ್ತಾರೆ, ಕತ್ತರಿಯ ಬಾಯಿ ಹೋಗುತ್ತದೆ ಎಂದು ನಾನು ಅದನ್ನು ಹಳೆಯ ಲಂಗದಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟೆ. ಬೆಂಗಳೂರಿನಲ್ಲಿ ತಪಾಸಣೆಯವನು ಅದನ್ನು ಹೊರಗೆ ತೆಗೆದು ಎತ್ತಿ ಹಿಡಿದ. ಹಿಂದೆ ನಿಂತಿದ್ದವರೆಲ್ಲ ನನ್ನನ್ನು ನೋಡಿದರು.

“ಇದರಲ್ಲಿ ಏನ್ ಮಾಡ್ತೀರ ಅಮ್ಮ?”

“ಪೈಲಟನ ಹೆಂಡತಿಗೆ ರವಿಕೆ ಹೊಲೀತೇನೆ” ಎಂದೆ.

ಅವನಿಗೆ ನಗು ಬಂತು, ಆದರೆ ಕತ್ತರಿ ಹಿಂದೆ ಬರಲಿಲ್ಲ. ಹೇಳಿದ್ದನ್ನು ಕೇಳದ ನನ್ನ ಗುಣಕ್ಕೆ ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಈ ಕತೆ ಬೇರೆಯಾಗುತ್ತಿತ್ತು.

ಕ್ಲೇಟನ್, ಮೊದಲ ವಾರ

ಶಮಿತಾ ಇದ್ದದ್ದು ಕ್ಲೇಟನ್ನಿನಲ್ಲಿ, ಯೂನಿವರ್ಸಿಟಿಗೆ ಬಸ್ಸಿನಲ್ಲಿ ಹತ್ತು ನಿಮಿಷ. ಇನ್ನಿಬ್ಬರು ಹುಡುಗಿಯರ ಜೊತೆ ರೆಂಟ್ ಹಂಚಿಕೊಂಡ ಮನೆ. ಫ್ರಿಜ್ಜಿನಲ್ಲಿ ಮೂರು ಹಾಲಿನ ಬಾಟಲಿ, ಒಂದೊಂದಕ್ಕೂ ಒಬ್ಬೊಬ್ಬಳ ಹೆಸರು. ನಾನು ಎರಡನೆಯ ದಿನವೇ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಶ್ಯಾವಿಗೆ ಪಾಯಸ ಮಾಡಿದೆ. ಮೂವರೂ ತಿಂದರು, ಬಟ್ಟಲು ಬೆರಳಿನಲ್ಲಿ ಬಳಿದರು. ಆಮೇಲೆ ಶಮಿತಾ ನನ್ನನ್ನು ರೂಮಿಗೆ ಕರೆದು, “ಅಜ್ಜಿ, ಇಲ್ಲಿ ಕೇಳಿ ತಗೊಳ್ಬೇಕು, ಆಯ್ತಾ?” ಎಂದಳು.

ಆ ಊರಿನವರ ಒಂದು ಅಭ್ಯಾಸ ನನಗೆ ಬಹಳ ಇಷ್ಟವಾಯಿತು. ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ನಮ್ಮಲ್ಲಿ ಇಳಿಯುವ ಮೊದಲೇ ಬಸ್ಸು ಹೊರಟಿರುತ್ತದೆ, ಹೇಳುವುದಿದ್ದರೆ ಓಡುತ್ತಾ ಹೇಳಬೇಕು. ನಾನು ಹತ್ತುವಾಗಲೂ ಹೇಳುತ್ತಿದ್ದೆ, ಇಳಿಯುವಾಗಲೂ ಹೇಳುತ್ತಿದ್ದೆ. ಕೊನೆಗೆ ಲಿಫ್ಟಿಗೂ ಹೇಳಿದೆ.

ಶಮಿತಾ ಓದುತ್ತಿದ್ದದ್ದು ಪ್ರೋಟೀನಿನ ವಿಷಯ. ನಾನು ಬೇಳೆ, ಮೊಟ್ಟೆ, ಮೀನು ಅಂದುಕೊಂಡಿದ್ದೆ. ಒಂದು ಸಂಜೆ ಕೇಳಿಯೇಬಿಟ್ಟೆ.

“ಅಜ್ಜಿ, ನಿಮ್ಮ ಸೀರೆ ಬಿಚ್ಚಿ ನೆಲಕ್ಕೆ ಹಾಸಿದ್ರೆ ಎಷ್ಟುದ್ದ?”

“ಐದೂವರೆ ಮೀಟರ್. ಬಿಚ್ಚುದು ಯಾಕೆ?”

“ಬಿಚ್ಚುದು ಬೇಡ ಮಾರಾಯ್ರೆ, ಯೋಚನೆ ಮಾಡಿ ಸಾಕು. ಹಾಸಿದಾಗ ಒಳಗಿನ ತುದಿಗೂ ಸೆರಗಿಗೂ ಐದೂವರೆ ಮೀಟರ್ ದೂರ. ಉಟ್ಟ ಮೇಲೆ?”

ಉಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಎರಡೂ ಒಂದು ಗೇಣಿನೊಳಗೆ. ನಾನು ಸೊಂಟ ಮುಟ್ಟಿ ನೋಡಿಕೊಂಡೆ.

“ಪ್ರೋಟೀನೂ ಹಾಗೇ” ಎಂದಳು. ಅದೊಂದು ಉದ್ದದ ಮಣಿಸರವಂತೆ. ಮಣಿಗಳಿಗೆ ಅಮೈನೋ ಆಸಿಡ್ ಎಂದು ಹೆಸರು, ಅದರಲ್ಲಿ ಇಪ್ಪತ್ತು ಜಾತಿ. ಸರ ನೇರ ನಿಲ್ಲುವುದಿಲ್ಲ, ಮಡಚಿ ಸುತ್ತಿ ಉಟ್ಟ ಸೀರೆಯ ಹಾಗೆ ಒಂದು ಆಕಾರಕ್ಕೆ ಬರುತ್ತದೆ. ಹಾಗೆ ಬಂದಾಗ ಸರದಲ್ಲಿ ದೂರ ಇದ್ದ ಮಣಿಗಳು ಒಂದಕ್ಕೊಂದು ತಾಗುತ್ತವೆ. ಯಾವುದು ಯಾವುದಕ್ಕೆ ತಾಗಿದೆ ಎಂದು ಅಳೆದು ನೋಡುವುದೇ ಇವಳ ಕೆಲಸ. ಆಕಾರವನ್ನು ಬೇರೆಯವರು ಕಂಡುಹಿಡಿದು ಎಲ್ಲರಿಗೂ ಸಿಗುವ ಹಾಗೆ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಇವಳ ಪ್ರೋಗ್ರಾಮು ಪ್ರತಿ ಮಣಿಯಿಂದ ಪ್ರತಿ ಮಣಿಗೆ ಟೇಪು ಹಿಡಿಯುತ್ತದೆ. ಒಂದು ಅಳತೆಯೊಳಗೆ ಬಂದರೆ ‘ಮುಟ್ಟಿದೆ’ ಎಂದು ಲೆಕ್ಕ. ಆಮೇಲೆ ಚೌಕುಳಿ ಹಾಳೆಯಲ್ಲಿ ಮೇಲಿಂದ ಕೆಳಕ್ಕೂ ಎಡದಿಂದ ಬಲಕ್ಕೂ ಮಣಿಗಳ ನಂಬರು ಹಾಕಿ, ಮುಟ್ಟಿದ ಜಾಗಕ್ಕೆ ಒಂದೊಂದು ಚುಕ್ಕೆ.

“ಇದು ಅದನ್ನು ಮುಟ್ಟಿದ್ರೆ ಅದು ಇದನ್ನು ಮುಟ್ಟಿದ ಹಾಗೇ ಅಲ್ವಾ? ಹಾಗಾಗಿ ಮೂಲೆಯಿಂದ ಮೂಲೆಗೆ ಹೋಗುವ ಈ ಓರೆಗೆರೆಯ ಈಚೆ ಅರ್ಧ, ಆಚೆ ಅರ್ಧ ಒಂದೇ ಇರ್ತದೆ. ನಿಮ್ಮ ರವಿಕೆಯ ಎಡ ಬಲ ಇದ್ದ ಹಾಗೆ.”

“ಗೆರೆಯ ಹತ್ತಿರ ಎಂತದೂ ಇಲ್ವಲ್ಲ?”

“ಅಲ್ಲಿ ಬರುದು ಪಕ್ಕ ಪಕ್ಕದ ಮಣಿಗಳು. ಅದನ್ನು ಬಿಟ್ಟಿದ್ದೇನೆ. ನೆರೆಮನೆಯವ್ರು ಮಾತಾಡಿದ್ರೆ ಅದೆಂತ ಸುದ್ದಿ?”

“ನಮ್ಮ ಕೇರಿಯಲ್ಲಿ ಅದೇ ದೊಡ್ಡ ಸುದ್ದಿ” ಎಂದೆ. ಇಬ್ಬರೂ ನಕ್ಕೆವು. ಹಾಗೆ ನಕ್ಕದ್ದು ಆ ಪ್ರವಾಸದಲ್ಲಿ ಅದೇ ಕೊನೆ.

ಅವಳ ಓದು ಮುಗಿಯುತ್ತಾ ಬಂದಿತ್ತು. ಮುಂದಿನ ಸೋಮವಾರ ಸಿಡ್ನಿಯಲ್ಲಿ ಒಂದು ಸಭೆ. ಅಲ್ಲಿ ಎಲ್ಲರೂ ತಮ್ಮ ಕೆಲಸವನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲುತ್ತಾರೆ. ಸಿಡ್ನಿಯ ಒಬ್ಬ ಪ್ರೊಫೆಸರಮ್ಮನ ಹತ್ತಿರ ಒಂದು ಕೆಲಸ ಖಾಲಿ ಇತ್ತು. ‘ನಿನ್ನ ಪೋಸ್ಟರ್ ನೋಡಲು ಬರುತ್ತೇನೆ, ಅಲ್ಲಿ ಮಾತಾಡೋಣ’ ಎಂದು ಅವರು ಬರೆದಿದ್ದರು. ನಲವತ್ತನೆಯ ಮಣಿ ಎಂಬತ್ತನಾಲ್ಕನೆಯ ಮಣಿಯನ್ನು ಮುಟ್ಟುತ್ತದೆ, ಇದನ್ನು ಯಾರೂ ನೋಡಿಲ್ಲ ಎನ್ನುವುದು ಶಮಿತಾ ಕಂಡುಹಿಡಿದದ್ದು. ಅವಳಿಗೆ ಕಲಿಸುವ ಮೇಷ್ಟ್ರು ಆ ತಿಂಗಳು ರಜೆಯಲ್ಲಿದ್ದರು. ನೋಡುವವರು ಬೇರೆ ಯಾರೂ ಇರಲಿಲ್ಲ.

ಕ್ಲೇಟನ್, ಮಂಗಳವಾರ

ಅವಳಿಗೊಂದು ರವಿಕೆ ಹೊಲಿದು ಕೊಡಬೇಕೆಂದು ನನಗೆ ಆಸೆ. ಮನೆಯೊಡೆಯನದ್ದೊಂದು ಹಳೆಯ ಮೆಷಿನ್ ಗ್ಯಾರೇಜಿನಲ್ಲಿತ್ತು. ಅಳತೆಯ ಹಾಳೆ ಕತ್ತರಿಸಲು ಕಾಗದ ಬೇಕು. ಅವಳ ಮೇಜಿನ ಮೇಲೆ ದೊಡ್ಡ ದೊಡ್ಡ ಹಾಳೆ ಇತ್ತು. ಹಿಂದಿನ ದಿನ, ಸೋಮವಾರ, ಅವಳು ಸ್ನಾನಕ್ಕೆ ಹೋದಾಗ ಅವಳ ಕಾಗದದ ಕತ್ತರಿಯಲ್ಲೇ ಒಂದು ಕೈ, ಒಂದು ಬೆನ್ನು ಕತ್ತರಿಸಿಬಿಟ್ಟೆ. ಹಾಳೆಯ ಹಿಂದುಗಡೆ ಅವಳು ಪೆನ್ಸಿಲಿನಲ್ಲಿ ಎರಡು ವಾರದ ಟಿಪ್ಪಣಿ ಬರೆದಿದ್ದಳಂತೆ. ನನಗೇನು ಗೊತ್ತು?

ಅವಳು ತಲೆಗೆ ಟವೆಲ್ ಸುತ್ತಿಕೊಂಡೇ ಬಂದು ನಿಂತಳು. ಬೊಬ್ಬೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು.

“ಅಜ್ಜಿ, ನಿಮಗೆ ಗೊತ್ತಾಗದ ವಿಷಯಕ್ಕೆ ಕೈ ಹಾಕ್ಬೇಡಿ. ಕಾಗದ ಬೇಕಾದ್ರೆ ಕಸದ ಬುಟ್ಟಿಯಲ್ಲಿ ಉಂಟು.”

ಕಸದ ಬುಟ್ಟಿ ಎಂಬ ಮಾತು ನನಗೆ ಚುಚ್ಚಿತು. ನಾನು ಟೇಪು ಸುತ್ತಿಟ್ಟು ಮಾತು ಬಿಟ್ಟೆ. ಮಾತು ಬಿಡುವುದರಲ್ಲಿ ನಾನು ಹುಷಾರು. ಒಮ್ಮೆ ಯಜಮಾನರ ಜೊತೆ ಇಡೀ ಕಾರ್ತಿಕ ಮಾಸ ಮಾತು ಬಿಟ್ಟವಳು.

ಮಂಗಳವಾರ ಅವಳು ಲ್ಯಾಬಿಗೆ ಹೋದ ಮೇಲೆ ಕಸದ ಬುಟ್ಟಿಯಿಂದಲೇ ಒಂದು ಹಾಳೆ ತೆಗೆದೆ. ಪೋಸ್ಟರಿಗೆ ಹಾಕುವ ಚುಕ್ಕೆಯ ನಕ್ಷೆ ಅದು, ಬಣ್ಣ ಸರಿ ಬಂದಿಲ್ಲ ಎಂದು ಬಿಸಾಡಿದ್ದಳು. ಕತ್ತಿನ ಅಂಚಿಗೆ ಓರೆಯಾಗಿ ಕತ್ತರಿಸುವ ಕ್ರಾಸ್ ಪಟ್ಟಿಯ ಅಳತೆಗೆ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಬೇಕು. ಮಡಚಿ, ಅಂಚು ಕೂತಿದೆಯೋ ಎಂದು ನೋಡಲು ಅಭ್ಯಾಸದಂತೆ ಕಿಟಕಿಯ ಬೆಳಕಿಗೆ ಹಿಡಿದೆ.

ಒಂದು ಮೂಲೆಯಲ್ಲಿ ಚುಕ್ಕೆಯ ಮೇಲೆ ಚುಕ್ಕೆ ಸರಿಯಾಗಿ ಕೂತಿತ್ತು. ಸ್ವಲ್ಪ ಮುಂದೆ ಹೋದರೆ ಎಲ್ಲ ಎರಡೆರಡು. ಒಂದು ಚುಕ್ಕೆ, ಅದರ ಪಕ್ಕ ಅದರ ನೆರಳಿನ ಹಾಗೆ ಇನ್ನೊಂದು. ನಾನು ಮಡಿಕೆ ಸರಿ ಮಾಡಿ ಮತ್ತೆ ಹಿಡಿದೆ. ಮತ್ತೆ ಅದೇ. ಕನ್ನಡಕ ಹಾಕಿ ಚೌಕ ಎಣಿಸಿದೆ. ಎಲ್ಲೆಲ್ಲೂ ನಾಲ್ಕೇ ಚೌಕದ ಜಾರು. ಅರವತ್ತೊಂದರವರೆಗೆ ಸರಿ, ಅಲ್ಲಿಂದ ಆಚೆಗೆ ಜಾರು.

ಕೈ ತಪ್ಪಿದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಜಾರುತ್ತದೆ. ಒಂದು ಜಾಗದಲ್ಲಿ ಶುರುವಾಗಿ ಕೊನೆಯವರೆಗೆ ಒಂದೇ ಅಳತೆ ಜಾರಿದರೆ ಅದು ಕತ್ತರಿಸುವಾಗಲೇ ಆದ ತಪ್ಪು. ಒಂದು ತುಂಡಿನ ನಡುವೆ ಏನೋ ಬಿಟ್ಟುಹೋಗಿದೆ. ಇದನ್ನು ತಿಳಿಯಲು ಪ್ರೋಟೀನು ಓದಬೇಕಾಗಿಲ್ಲ. ಅರವತ್ತೊಂದರ ಜಾಗಕ್ಕೆ ನೀಲಿ ಚಾಕಿನಲ್ಲಿ ಒಂದು ಗೆರೆ ಎಳೆದೆ.

ನನಗೆ ಹೊಲಿಗೆ ಕಲಿಸಿದ ಕಮಲಕ್ಕನದ್ದೊಂದು ನಿಯಮವಿತ್ತು: ಇನ್ನೊಬ್ಬರು ಕತ್ತರಿಸಿದ ಬಟ್ಟೆಯ ತಪ್ಪನ್ನು ಅವರಾಗಿ ಕೇಳುವವರೆಗೆ ಹೇಳಬಾರದು. ಹೇಳಿದರೆ ಜಗಳ, ಗಿರಾಕಿಯೂ ಹೋಗುತ್ತದೆ. ಆ ನಿಯಮ ಆವತ್ತು ನನಗೆ ಬಹಳ ಅನುಕೂಲವಾಗಿ ಕಂಡಿತು. ಗೊತ್ತಾಗದ ವಿಷಯಕ್ಕೆ ಕೈ ಹಾಕಬಾರದಲ್ಲ, ಕೇಳಲಿ, ಹೇಳುತ್ತೇನೆ ಎಂದುಕೊಂಡೆ.

ಕೇಳಿದಳು. ಅದೇ ಸಂಜೆ. ಹಿಂದಿನ ದಿನದ ಕೋಪ ಮರೆತು, ಲ್ಯಾಪ್‌ಟಾಪ್ ಎತ್ತಿಕೊಂಡು ನಾನು ಬೀನ್ಸ್ ಹೆಚ್ಚುತ್ತಿದ್ದಲ್ಲಿಗೇ ಬಂದಳು.

“ನಾಳೆ ಪ್ರಿಂಟಿಗೆ ಕೊಡ್ತೇನೆ. ಹೇಗುಂಟು ಅಜ್ಜಿ?”

ಪರದೆಯ ಮೇಲೆ ಅದೇ ನಕ್ಷೆ. ನಲವತ್ತು ಮತ್ತು ಎಂಬತ್ತನಾಲ್ಕು ಸೇರುವ ಚುಕ್ಕೆಗೆ ಕೆಂಪು ಬಳೆ ಹಾಕಿದ್ದಳು. ಗೆರೆಯ ಆಚೆ ಅದರ ಜೋಡಿ ಇರಬೇಕಾದಲ್ಲಿ ಖಾಲಿ. ನಾನು ನೋಡಿದೆ. ಬೀನ್ಸಿನ ನಾರು ತೆಗೆದೆ.

“ಬಣ್ಣ ಚಂದ ಉಂಟು” ಎಂದೆ.

ರೈಲಿನಲ್ಲಿ, ಭಾನುವಾರ

ಮೆಲ್ಬೋರ್ನಿನಿಂದ ಸಿಡ್ನಿಗೆ ರೈಲಿನಲ್ಲಿ ಒಂದಿಡೀ ಹಗಲು. ಹೊರಗೆ ಒಣ ಹುಲ್ಲು, ಕುರಿ, ಮತ್ತೆ ಹುಲ್ಲು. ನಮ್ಮಲ್ಲಿ ಇಷ್ಟು ಹೊತ್ತಿಗೆ ಹತ್ತು ಊರು, ಹತ್ತು ಬಗೆಯ ವಡೆ ಬಂದು ಹೋಗುತ್ತಿತ್ತು. ಎದುರಿನ ಸೀಟಿನ ಮುದುಕಿ ಸ್ವೆಟರ್ ಹೆಣೆಯುತ್ತಿದ್ದಳು. ಒಂದು ಕಡೆ ಕಣ್ಣಿ ತಪ್ಪಿತ್ತು. ನಾನು ಬೆರಳು ತೋರಿಸಿದೆ. ಅವಳು ನೋಡಿ, ಅಯ್ಯೋ ಎಂಬಂತೆ ತಲೆ ಹಿಡಿದುಕೊಂಡು, ನಾಲ್ಕು ಸಾಲು ಬಿಚ್ಚಿ ಮತ್ತೆ ಹೆಣೆದಳು. ನನಗೊಂದು ಪೆಪ್ಪರ್‌ಮಿಂಟ್ ಕೊಟ್ಟಳು. ಭಾಷೆ ಗೊತ್ತಿಲ್ಲದ, ಮತ್ತೆಂದೂ ಕಾಣದ ಹೆಂಗಸಿಗೆ ಹೇಳಲು ನನಗೆ ಕಮಲಕ್ಕನ ನಿಯಮ ಅಡ್ಡ ಬರಲಿಲ್ಲ.

ಪಕ್ಕದಲ್ಲಿ ಶಮಿತಾ ಪೋಸ್ಟರಿನ ಉದ್ದದ ಕೊಳವೆಯನ್ನು ಮಗುವಿನ ಹಾಗೆ ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಎಬ್ಬಿಸಿ ಹೇಳೋಣ ಎಂದು ಎರಡು ಸಲ ಭುಜದವರೆಗೆ ಕೈ ತಂದೆ. ಪ್ರಿಂಟ್ ಆಗಿಹೋಗಿದೆ, ಈಗ ಹೇಳಿದರೆ ಸುಮ್ಮನೆ ಗಾಬರಿ ಎಂದು ಕೈ ಹಿಂದೆ ತೆಗೆದೆ. ಪೆಪ್ಪರ್‌ಮಿಂಟ್ ಬಾಯಲ್ಲಿ ಕರಗುವವರೆಗೆ ಹೀಗೇ ನೆಪ ಹುಡುಕಿದೆ.

ಸಿಡ್ನಿ, ಸೋಮವಾರ

ನಾವು ಉಳಿದುಕೊಂಡದ್ದು ಎಪ್ಪಿಂಗಿನಲ್ಲಿ, ಶಮಿತಾಳ ಗೆಳತಿ ಸುಮನಾ ಎಂಬ ಕಾಪುವಿನ ಹುಡುಗಿಯ ಅಪಾರ್ಟ್‌ಮೆಂಟಿನಲ್ಲಿ. ಅವಳು ಬೆಂಗಳೂರಿನಲ್ಲಿ ಓದಿ ಬಂದು ಇಲ್ಲೇ ಕಾಯಂ ಇರಲು ಪಿಆರ್ ಮಾಡಿಕೊಂಡು ಚಾಟ್ಸ್‌ವುಡ್ಡಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ನಾನು ಟೈಲರ್ ಎಂದು ತಿಳಿದದ್ದೇ ಕಪಾಟು ತೆರೆದು ಹನ್ನೊಂದು ಹೊಲಿಯದ ರವಿಕೆ ಬಟ್ಟೆ ತೋರಿಸಿದಳು.

“ಅಜ್ಜಿ, ಈ ಊರಲ್ಲಿ ಬ್ಲೌಸ್ ಹೊಲಿಸೋದಕ್ಕಿಂತ ಮಾರ್ಟ್‌ಗೇಜ್ ತಗೊಳ್ಳೋದು ಸುಲಭ.”

ಬೆಳಗ್ಗೆ ಸಭೆಗೆ ನಾನೂ ಹೋದೆ. ದೊಡ್ಡ ಹಜಾರ, ಸಾಲು ಸಾಲು ಹಲಗೆ. ಮದುವೆ ಮಂಟಪದಲ್ಲಿ ಸೀರೆ ಮಾರಾಟ ಇಟ್ಟ ಹಾಗೆ, ಎಲ್ಲರೂ ತಮ್ಮ ತಮ್ಮ ಸರಕಿನ ಪಕ್ಕ ನಿಂತಿದ್ದರು. ಶಮಿತಾ ನನಗೊಂದು ಕುರ್ಚಿ ತಂದು ಕೂರಿಸಿದಳು. ನಾನು ಚಕ್ಕುಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಂದವರಿಗೆಲ್ಲ ಒಂದೊಂದು ಕೊಟ್ಟೆ. ಅವಳ ಪೋಸ್ಟರಿನ ಮುಂದೆಯೇ ಹೆಚ್ಚು ಜನ. ಅವಳು ಕೈ ಆಡಿಸಿ ವಿವರಿಸುವಾಗ ಕೆನ್ನೆ ಕೆಂಪಾಗಿತ್ತು. ಯಾರೂ ಮಡಚಿ ನೋಡುವುದಿಲ್ಲ, ನಾನೇ ಏನೋ ತಪ್ಪು ತಿಳಿದಿರಬೇಕು ಎಂದು ಒಂದು ಗಂಟೆ ಸಮಾಧಾನ ಮಾಡಿಕೊಂಡೆ.

ಆಮೇಲೆ ಒಬ್ಬ ವಯಸ್ಸಾದವರು ಬಂದರು. ಕಾಲಿಗೆ ಹಳೆಯ ಚಪ್ಪಲಿ, ಕೈಯಲ್ಲಿ ನನ್ನದೇ ಚಕ್ಕುಲಿ. ಅವರ ಇಂಗ್ಲಿಷ್ ನನಗೆ ಅರ್ಥವಾಗಲಿಲ್ಲ. ಬೆರಳು ಅರ್ಥವಾಯಿತು. ಅದು ಕೆಂಪು ಬಳೆಯ ಚುಕ್ಕೆಯಿಂದ ಹೊರಟು, ಓರೆಗೆರೆ ದಾಟಿ, ಆಚೆ ಬದಿಯ ಖಾಲಿ ಜಾಗದಲ್ಲಿ ಹೋಗಿ ನಿಂತಿತು. ಅವರು ಮೆತ್ತಗೆ ಏನೋ ಕೇಳಿದರು.

ಶಮಿತಾ ಹತ್ತಿರ ಹೋಗಿ ಬೆರಳಿನಲ್ಲಿ ಚೌಕ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ನಾನು ಕೂತಲ್ಲೇ ಅವಳ ಜೊತೆ ಎಣಿಸಿದೆ.

ಮತ್ತೆ ಅವಳು ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೋಸ್ಟರ್ ಕಿತ್ತು ಸುತ್ತಿಕೊಂಡು ಹೊರಗೆ ಓಡಬಹುದಿತ್ತು. ಅವಳು ದಪ್ಪ ಪೆನ್ನು ಕೇಳಿ ತಂದು, ಕೆಂಪು ಬಳೆಯ ಮೇಲೆ ತಾನೇ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ಎರಡು ಸಾಲು ಬರೆದು, ಸಂಜೆಯವರೆಗೆ ಅಲ್ಲೇ ನಿಂತು ಬಂದವರಿಗೆಲ್ಲ ತನ್ನ ತಪ್ಪು ಎಲ್ಲಿ ಆಯಿತೆಂದು ವಿವರಿಸಿದಳು. ಪ್ರೊಫೆಸರಮ್ಮ ಬಂದರು, ಪೂರ್ತಿ ಓದಿದರು, ಅವಳ ಕೈ ಕುಲುಕಿ ಹೋದರು. ಕೆಲಸದ ಮಾತು ಎತ್ತಲಿಲ್ಲ. ನಾನು ಡಬ್ಬದ ಮುಚ್ಚಳ ಹಾಕಿದೆ.

ಚಾಟ್ಸ್‌ವುಡ್, ಮಂಗಳವಾರ

ಮರುದಿನ ಸುಮನಾ ಊಟದ ಬಿಡುವಿಗೆ ನಮ್ಮನ್ನು ಅವಳ ಆಫೀಸಿನ ಹತ್ತಿರ ಕರೆಸಿಕೊಂಡಳು. ಬೆಂಚಿನ ಮೇಲೆ ಕೂತು ಡಬ್ಬಿಯ ಅನ್ನ ತಿನ್ನುವವರು, ನಡೆಯುತ್ತಲೇ ತಿನ್ನುವವರು. ಸುಮನಾ ಜ್ಯೂಸ್ ತರಲು ಹೋದಳು. ಶಮಿತಾ ಏನಾದರೂ ಒರೆಸಲು ಬಟ್ಟೆ ಉಂಟಾ ಎಂದು ನನ್ನ ಕೈಚೀಲಕ್ಕೆ ಕೈ ಹಾಕಿದಳು.

ಕೈಗೆ ಬಂದದ್ದು ಮೂಲೆಯಿಂದ ಮೂಲೆಗೆ ಮಡಚಿದ ಹಾಳೆ. ಬಿಸಾಡಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನಾನದನ್ನು ಹೊತ್ತುಕೊಂಡೇ ತಿರುಗುತ್ತಿದ್ದೆ. ಅವಳು ಬಿಚ್ಚಿದಳು. ನೀಲಿ ಚಾಕಿನ ಗೆರೆ ನೋಡಿದಳು. ಗೆರೆಯ ನೇರಕ್ಕೆ ಬೆರಳು ಅಂಚಿಗೆ ತಂದು ನಂಬರು ಓದಿದಳು.

“ಇದು ಯಾವಾಗ ನೋಡಿದ್ದು ಅಜ್ಜಿ?”

“ಮಂಗಳವಾರ.”

“ಹಗಲಾ, ಸಂಜೆಯಾ?”

“ಹಗಲು.”

“ನಾನು ಲ್ಯಾಪ್‌ಟಾಪ್ ತಂದು ತೋರಿಸಿದ್ದು ಸಂಜೆ.”

ನಾನು ಹ್ಞೂಂ ಎಂದೆ.

“ಆ ಸರದಲ್ಲಿ ಅರವತ್ತೊಂದರ ನಂತರ ನಾಲ್ಕು ಮಣಿ ಕಾಣುದಿಲ್ಲ. ಅವು ಅಲ್ಲಾಡ್ತಾ ಇರ್ತಾವೆ, ಹಿಡಿಯಲಿಕ್ಕೆ ಸಿಗುದಿಲ್ಲ. ಅದ್ರ ನಂತ್ರ ಬರುದು ಅರವತ್ತಾರು. ನನ್ನ ಪ್ರೋಗ್ರಾಮು ಒಂದು ಕಡೆ ಮಣಿಯ ನಂಬರ್ ಓದಿದೆ, ಇನ್ನೊಂದು ಕಡೆ ತಾನೇ ಎಣಿಸಿಕೊಂಡು ಹೋಗಿದೆ. ಎಂಬತ್ತೆಂಟು ಹೋಗಿ ಎಂಬತ್ತನಾಲ್ಕು ಆಯ್ತು. ಸರಿ ಮಾಡ್ಲಿಕ್ಕೆ ಅರ್ಧ ಗಂಟೆ ಬೇಕಿತ್ತು.” ಪಾಠ ಹೇಳುವ ಹಾಗೆ ಹೇಳಿದಳು. ಮತ್ತೆ, “ನಾನು ಕೇಳಿದ್ದೆ ಅಲ್ವಾ ಅಜ್ಜಿ” ಎಂದಳು.

“ನೀನು ಕೇಳಿದ್ದೆ ಮಗಾ. ಕಸದ ಬುಟ್ಟಿ ಅಂದದ್ದಕ್ಕೆ ಸಿಟ್ಟಿತ್ತು ನಂಗೆ.”

ಅವಳು ಹಾಳೆಯನ್ನು ನನ್ನ ಮಡಿಕೆಯಲ್ಲೇ ಮಡಚಿ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು. ಸುಮನಾ ಜ್ಯೂಸ್ ತಂದಳು. ನಾವು ಮೂವರೂ ಕುಡಿದೆವು. ವಾಪಸ್ ಬರುವ ರೈಲಿನಲ್ಲಿ ನನಗೆ ಚಳಿಯಾಗುತ್ತದೆಂದು ತನ್ನ ಶಾಲು ಹೊದೆಸಿದಳು, ಅಂಚು ಭುಜದ ಕೆಳಗೆ ಸಿಕ್ಕಿಸಿದಳು. ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಿ ಹಗುರಾಗುತ್ತಿದ್ದೆ.

ಉಡುಪಿ, ಜೆರಾಕ್ಸ್ ಅಂಗಡಿ

ಶಮಿತಾ ಚೆನ್ನಾಗಿಯೇ ಇದ್ದಾಳೆ. ಸಿಡ್ನಿಯ ಕೆಲಸ ಸಿಗಲಿಲ್ಲ. ಎರಡು ವರ್ಷ ಸಣ್ಣ ಪುಟ್ಟ ಕೆಲಸ ಮಾಡಿ, ಆಮೇಲೆ ಕ್ಲೇಟನ್ನಿನಲ್ಲೇ ನೆಲೆ ಕಂಡಳು. ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಮಂಡಿನೋವು ಕೇಳುತ್ತಾಳೆ, ಮಾತ್ರೆ ಕೇಳುತ್ತಾಳೆ. ಆದರೆ ಮದುವೆ ಸೀರೆಯ ಬಣ್ಣ ಆರಿಸಿದಾಗ, ಮನೆ ಕೊಂಡಾಗ, ಮಗಳಿಗೆ ಹೆಸರಿಟ್ಟಾಗ, ಎಲ್ಲ ಆದ ಮೇಲೆ ತಿಳಿಸಿದಳು. ‘ಹೇಗುಂಟು ಅಜ್ಜಿ’ ಎಂಬ ಎರಡು ಮಾತು ಕ್ಲೇಟನ್ನಿನ ಆ ಮಂಗಳವಾರದ ನಂತರ ಅವಳ ಬಾಯಿಂದ ನಾನು ಕೇಳಲಿಲ್ಲ. ಅವಳಿಗೆಂದು ಕತ್ತರಿಸಿದ ರವಿಕೆ ಕೈ ಜೋಡಿಸದೆ ಟ್ರಂಕಿನಲ್ಲಿದೆ. ಅವಳ ಅಳತೆಯೂ ಈಗ ಅದಲ್ಲ.

ಫೋನಿನಲ್ಲಿ ಒತ್ತಲು ಕಲಿತು ನಾನೇ ಕಳಿಸಿದ ಮೊದಲ ಮೆಸೇಜು ಅವಳಿಗೆ: ‘ನೀನು ಕೇಳಿದ್ದೆ. ನನಗೆ ಗೊತ್ತಿತ್ತು. ತಪ್ಪು ನನ್ನದು.’ ಅಷ್ಟು ಒತ್ತುವಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿತ್ತು.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದು ಚಿತ್ರ ಬಂತು. ಚೌಕ, ಓರೆಗೆರೆ, ಚುಕ್ಕೆಗಳು. ಹೊಸ ನಕ್ಷೆ. ಕೆಳಗೆ: ‘ಹೇಗುಂಟು ಅಜ್ಜಿ?’

ಫೋನನ್ನು ಮಡಚಲು ಆಗುವುದಿಲ್ಲ. ರಿಕ್ಷಾ ಮಾಡಿ ಜೆರಾಕ್ಸ್ ಅಂಗಡಿಗೆ ಹೋಗಿ ದೊಡ್ಡ ಹಾಳೆಯಲ್ಲಿ ತೆಗೆಸಿದೆ. ಮೂಲೆಯಿಂದ ಮೂಲೆಗೆ ಮಡಚಿ, ಅಲ್ಲೇ ಬಾಗಿಲ ಬೆಳಕಿಗೆ ಹಿಡಿದೆ. ಅಂಗಡಿಯವಳು, “ಎಂತ ಅಜ್ಜಿ, ಜಾತಕವಾ?” ಎಂದು ಕೇಳಿದಳು. ಎರಡು ಸಲ ನೋಡಿದೆ, ಕನ್ನಡಕ ಒರೆಸಿ ಮೂರನೆಯ ಸಲ ನೋಡಿದೆ. ಎಲ್ಲ ಚುಕ್ಕೆಯೂ ಜೋಡಿಯ ಮೇಲೆ ಕೂತಿತ್ತು, ಒಂದು ಬಿಟ್ಟು. ಅದು ಮೆಷಿನ್ನಿನ ಶಾಯಿಯೇ ಇರಬೇಕು. ಆದರೂ ಅಲ್ಲೇ ಸ್ಟೂಲಿನ ಮೇಲೆ ಕೂತು ಒತ್ತಿದೆ:

‘ಎಡಗಡೆ ಕೆಳಗೆ ಒಂದು ಚುಕ್ಕೆಗೆ ಜೋಡಿ ಇಲ್ಲ. ಜೆರಾಕ್ಸಿನ ಶಾಯಿ ಇರಬಹುದು. ನೀನೊಮ್ಮೆ ನೋಡು.’

ಇಷ್ಟಕ್ಕೆ ಕಾಲು ಗಂಟೆ ಹಿಡಿಯಿತು. ಆವತ್ತು ಬೀನ್ಸ್ ಹೆಚ್ಚುತ್ತಾ ಒಂದು ಉಸಿರಿನಲ್ಲಿ ಹೇಳಬಹುದಾಗಿತ್ತು.